ಯಂತ್ರ ತೆಗೆದ ಚಿತ್ರದಲ್ಲಿ ನನ್ನದು ಯಾವುದು?

(ಸಾಗರದಲ್ಲಿ ನಡೆದ ಛಾಯಾಗ್ರಹಣ ಶಿಬಿರವೊಂದರ ಕೊನೆಯ ದಿನಕ್ಕೆ ಮುನ್ನ ಸಂಜೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಟದಲ್ಲಿ ಬಂದ ಪುನರುಕ್ತಿಗಳನ್ನು ಮಾತ್ರ ತೆಗೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿನ್ನೆ ಊಟದ ಹೊತ್ತಿನಲ್ಲಿ ನಿಮ್ಮಲ್ಲೊಬ್ಬರು ಒಂದು ಪ್ರಶ್ನೆ ಕೇಳಿದರು. "ಕವಿ ಒಂದೊಂದು ಪದವನ್ನೂ ತಾನೇ ಹುಡುಕಿ ತರಬೇಕು. ಚಿತ್ರಕಾರ ಒಂದೊಂದು ಗೆರೆಯನ್ನೂ ತಾನೇ ಎಳೆಯಬೇಕು. ನಾವು ಗುಂಡಿ ಒತ್ತುತ್ತೇವೆ, ಎದುರಿಗೆ ಇದ್ದದ್ದೆಲ್ಲ ತಾನಾಗಿ ಮೂಡುತ್ತದೆ. ಅದರಲ್ಲಿ ನನ್ನದು ಎಂದು ಹೇಳಿಕೊಳ್ಳುವಂಥದ್ದು ಏನಿದೆ?" ಊಟದ ಸಾಲಿನಲ್ಲಿ ನಿಂತು ಉತ್ತರಿಸುವ ಪ್ರಶ್ನೆ ಇದಲ್ಲ ಎನಿಸಿತು. ಅದಕ್ಕೇ ಇಂದಿನ ಮಾತನ್ನು ಪೂರ್ತಿಯಾಗಿ ಇದಕ್ಕೆ ಮೀಸಲಿಟ್ಟಿದ್ದೇನೆ.

ಕೇಳಿದವರ ಅನುಮಾನದಲ್ಲಿ ನಿಜವಿದೆ. ಕ್ಯಾಮೆರಾಕ್ಕೆ ಭೇದಭಾವವಿಲ್ಲ. ಅಜ್ಜಿಯ ಮುಖವನ್ನೂ ಅವಳ ಹಿಂದಿನ ಗೋಡೆಗೆ ನೇತುಹಾಕಿದ ಪ್ಲಾಸ್ಟಿಕ್ ಚೀಲವನ್ನೂ ಅದು ಒಂದೇ ಶ್ರದ್ಧೆಯಿಂದ ದಾಖಲಿಸುತ್ತದೆ. ಬರೆಯುವವನ ಎದುರಿಗೆ ಇರುವುದು ಖಾಲಿ ಹಾಳೆ, ಅವನು ತುಂಬುತ್ತಾ ಹೋಗುತ್ತಾನೆ. ನಮ್ಮ ಎದುರಿಗಿರುವ ಜಗತ್ತು ಮೊದಲೇ ತುಂಬಿ ತುಳುಕುತ್ತಿದೆ, ನಾವು ತೆಗೆಯುತ್ತಾ ಹೋಗಬೇಕು. ಎಲ್ಲಿ ನಿಲ್ಲುವುದು, ಯಾವುದನ್ನು ಹೊರಗಿಡುವುದು, ಎಷ್ಟು ಹೊತ್ತು ಕಾಯುವುದು, ತೆಗೆದದ್ದರಲ್ಲಿ ಯಾವುದನ್ನು ಉಳಿಸಿಕೊಳ್ಳುವುದು ಎಂಬ ನಿರ್ಧಾರಗಳನ್ನು ಯಂತ್ರ ಮಾಡಲಾರದು. ಛಾಯಾಗ್ರಾಹಕ ಚಿತ್ರದೊಳಕ್ಕೆ ಬರುವುದು ತಾನು ಬೇಡ ಎಂದ ಸಂಗತಿಗಳ ಮೂಲಕ ಎಂದು ನಾನು ನಂಬಿದ್ದೇನೆ. ಆದರೆ ಹೀಗೆ ಹೇಳಿಬಿಟ್ಟರೆ ಅದು ಬರಿಯ ಮಾತಾಗುತ್ತದೆ, ಕೆಲವರ ಕೆಲಸವನ್ನು ಹತ್ತಿರದಿಂದ ನೋಡೋಣ.

ಮೊದಲನೆಯವನು ಇಪ್ಪೊಲಿತ್ ಬಯಾರ್. ಫ್ರಾನ್ಸಿನವನು, ಹಣಕಾಸು ಸಚಿವಾಲಯದಲ್ಲಿ ನೌಕರ. ಬಿಡುವಿನ ವೇಳೆಯಲ್ಲಿ ಪ್ರಯೋಗ ಮಾಡಿ, ಕಾಗದದ ಮೇಲೆ ನೇರವಾಗಿ ಚಿತ್ರ ಮೂಡಿಸುವ ವಿಧಾನವೊಂದನ್ನು ಕಂಡುಹಿಡಿದ. 1839ರ ಬೇಸಿಗೆಯಲ್ಲಿ ಪ್ಯಾರಿಸ್‌ನಲ್ಲಿ ತನ್ನ ಚಿತ್ರಗಳ ಪ್ರದರ್ಶನವನ್ನೂ ಮಾಡಿದ. ಆದರೆ ಅದೇ ಆಗಸ್ಟ್‌ನಲ್ಲಿ ಫ್ರೆಂಚ್ ಸರ್ಕಾರ ಇನ್ನೊಬ್ಬ ಸಂಶೋಧಕ ಲೂಯಿ ದಾಗೇರ್‌ನ ವಿಧಾನವನ್ನು ಜಗತ್ತಿಗೆ ಸಾರಿತು. ಕೀರ್ತಿಯೂ ಪಿಂಚಣಿಯೂ ದಾಗೇರ್‌ಗೆ ಹೋದವು. ಬಯಾರ್ ಪಾಲಿಗೆ ಹೇಳಿಕೊಳ್ಳುವಂಥದ್ದೇನೂ ಬರಲಿಲ್ಲ.

ಅವನು ಪತ್ರಿಕೆಗೆ ಪತ್ರ ಬರೆದು ಸುಮ್ಮನಾಗಬಹುದಿತ್ತು. ಅದರ ಬದಲು 1840ರ ಅಕ್ಟೋಬರ್‌ನಲ್ಲಿ ತನ್ನದೇ ಹೆಣದ ಚಿತ್ರ ತೆಗೆದ. ಸೊಂಟದ ಮೇಲೆ ಬರಿಮೈ, ಕೆಳಗೆ ಸುತ್ತಿದ ಬಟ್ಟೆ, ಕಣ್ಣು ಮುಚ್ಚಿದೆ, ತಲೆ ಒಂದು ಬದಿಗೆ ವಾಲಿದೆ. ಪಕ್ಕದಲ್ಲಿ ಒಂದು ದೊಡ್ಡ ಹುಲ್ಲಿನ ಟೋಪಿ. ಚಿತ್ರದ ಬೆನ್ನಿಗೆ ಒಂದು ಒಕ್ಕಣೆ ಬರೆದ. ಇಲ್ಲಿ ಕಾಣುತ್ತಿರುವುದು ಬಯಾರ್ ಮಹಾಶಯರ ಶವ, ದಾಗೇರ್‌ಗೆ ಧಾರಾಳವಾಗಿ ಕೊಟ್ಟ ಸರ್ಕಾರ ಬಯಾರ್‌ಗೆ ಏನೂ ಮಾಡಲಾಗದು ಎಂದಿತು, ಪಾಪ ಆತ ನೀರಿಗೆ ಬಿದ್ದು ಸತ್ತ ಎಂಬುದು ಅದರ ಸಾರಾಂಶ. ಮುಖ ಮತ್ತು ಕೈಗಳು ಮೈಯ ಉಳಿದ ಭಾಗಕ್ಕಿಂತ ಕಪ್ಪಾಗಿ ಕಾಣುತ್ತವೆ. ಅದನ್ನೂ ಆತ ಬಿಡಲಿಲ್ಲ, ಶವ ಕೊಳೆಯುತ್ತಿದೆ ಎಂದು ಬರೆದ. ಹೀಗೆ "ಸತ್ತ" ಮನುಷ್ಯ 1887ರ ತನಕ ಬದುಕಿದ್ದ.

ಈ ಚಿತ್ರವನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಛಾಯಾಗ್ರಹಣ ಹುಟ್ಟಿ ಇನ್ನೂ ಸರಿಯಾಗಿ ಕಣ್ಣು ಬಿಟ್ಟಿರಲಿಲ್ಲ. ಕ್ಯಾಮೆರಾ ಸುಳ್ಳು ಹೇಳುವುದಿಲ್ಲ ಎಂದು ಜನ ಬೆರಗಾಗಿದ್ದ ಕಾಲ ಅದು. ಆಗಲೇ ಒಬ್ಬ ಮನುಷ್ಯ ಅದೇ ಕ್ಯಾಮೆರಾದ ಎದುರು ಕಟ್ಟುಕಥೆಯೊಂದನ್ನು ಹೂಡಿ, ತನ್ನ ಎದೆಯಲ್ಲಿ ಕುದಿಯುತ್ತಿದ್ದ ಅನ್ಯಾಯವನ್ನು ಅದರಿಂದ ಹೇಳಿಸಿದ. ಆ ಕಾಲದಲ್ಲಿ ಬೆಳಕು ಚಿತ್ರವಾಗಲು ಬಹಳ ಹೊತ್ತು ಬೇಕಿತ್ತು, ಅಷ್ಟು ಹೊತ್ತು ಕಣ್ಣು ತೆರೆದು ಕದಲದೆ ಕೂರುವುದು ಕಷ್ಟ. ಮುಚ್ಚಿದ ಕಣ್ಣು ಯಂತ್ರದ ಅಗತ್ಯವೂ ಹೌದು, ಕಥೆಯ ಅಗತ್ಯವೂ ಹೌದು. ಯಂತ್ರದ ಮಿತಿಯನ್ನೇ ತನ್ನ ಮಾತಾಗಿ ಮಾಡಿಕೊಂಡ ಈ ಜಾಣ್ಮೆ ನನಗೆ ಬಹಳ ಇಷ್ಟ.

ಒಂದು ವಿಷಯ ಇಲ್ಲೇ ಸೇರಿಸುತ್ತೇನೆ. ತಮ್ಮನ್ನು ಹೇಳಿಕೊಳ್ಳುವವರು ಕ್ಯಾಮೆರಾದ ಹಿಂದೆ ಇರುವವರು ಮಾತ್ರ ಎಂದುಕೊಳ್ಳಬೇಡಿ. ನಮ್ಮ ಊರುಗಳ ಹಳೆಯ ಸ್ಟುಡಿಯೋಗಳನ್ನು ನೆನಪಿಸಿಕೊಳ್ಳಿ. ಹಿಂದೆ ಬಣ್ಣ ಬಳಿದ ಪರದೆ, ಅದರಲ್ಲಿ ತೋಟ, ಮೆಟ್ಟಿಲು, ಕಮಾನು. ಮುಂದೆ ಒಂದು ಕುರ್ಚಿ, ಪಕ್ಕದ ಎತ್ತರದ ಸ್ಟೂಲಿನ ಮೇಲೆ ಪ್ಲಾಸ್ಟಿಕ್ ಹೂವು. ಗೋಡೆಯ ಕನ್ನಡಿಯ ಕೆಳಗೆ ಬಾಚಣಿಗೆ, ಪೌಡರ್ ಡಬ್ಬಿ, ಯಾರಿಗೆ ಬೇಕಾದರೂ ಹಾಕಿಕೊಳ್ಳಲು ಒಂದು ಕೋಟು. ಕೈಗಡಿಯಾರ ಕಾಣುವ ಹಾಗೆ ತೋಳು ಮಡಿಸಿ ನಿಂತ ಯುವಕ, ಅಂಗಿಯ ಜೇಬಿನಲ್ಲಿ ಸಿಕ್ಕಿಸಿದ ಪೆನ್ನು, ಹೊಸದಾಗಿ ಮದುವೆಯಾದವಳ ತೊಡೆಯ ಮೇಲೆ ಟ್ರಾನ್ಸಿಸ್ಟರ್ ರೇಡಿಯೋ. ಇವೆಲ್ಲ ಅವರದೇ ಆಗಿರಬೇಕೆಂದಿರಲಿಲ್ಲ. ಆದರೆ "ನಾನು ಹೀಗೆ ಕಾಣಬೇಕು" ಎಂಬ ಆಸೆ ಪೂರ್ತಿ ಅವರದೇ ಆಗಿತ್ತು. ನಿಮ್ಮ ಮನೆಯ ಅಟ್ಟದಲ್ಲಿ ಅಂಥ ಚಿತ್ರವಿದ್ದರೆ ಹುಳು ಹಿಡಿಯುವ ಮೊದಲು ಕೆಳಗಿಳಿಸಿ. ನಮ್ಮ ಜನ ತಮ್ಮ ಕುರಿತು ತಾವೇ ಹೇಳಿಕೊಂಡ ಮಾತುಗಳು ಅವು, ಬೇರೆ ಎಲ್ಲೂ ಬರೆದಿಟ್ಟಿಲ್ಲ.

ಬೆಂಗಳೂರಿನ ಪುಷ್ಪಮಾಲಾ ಎನ್. ಇದೇ ಆಸೆಯನ್ನು ತಿರುಗಿಸಿ ನೋಡಿದ ಕಲಾವಿದೆ. ಬರೋಡಾದಲ್ಲಿ ಶಿಲ್ಪಕಲೆ ಕಲಿತವರು, 1990ರ ದಶಕದ ನಡುವಿನಿಂದ ಕ್ಯಾಮೆರಾದ ಎದುರು ತಾವೇ ನಿಲ್ಲತೊಡಗಿದರು. 2000ದಿಂದ 2004ರ ನಡುವೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಂದಿಗೆ ಸೇರಿ ದಕ್ಷಿಣ ಭಾರತದ ಹೆಣ್ಣುಗಳ ಬಗ್ಗೆ ಒಂದು ದೊಡ್ಡ ಸರಣಿ ಮಾಡಿದರು. ರವಿವರ್ಮನ ಲಕ್ಷ್ಮಿಯಾಗಿ ಅವರೇ ನಿಲ್ಲುತ್ತಾರೆ, ಬಿಜಾಪುರದ ಹಳೆಯ ವರ್ಣಚಿತ್ರದ ಯೋಗಿನಿಯೂ ಅವರೇ. ಬ್ರಿಟಿಷರ ಕಾಲದಲ್ಲಿ ಬುಡಕಟ್ಟಿನ ಜನರನ್ನು ಚೌಕುಳಿ ಪರದೆಯ ಮುಂದೆ ನಿಲ್ಲಿಸಿ ಮೈ ಅಳತೆ ತೆಗೆಯುವಂಥ ಚಿತ್ರಗಳನ್ನು ತೆಗೆಯುತ್ತಿದ್ದರು. ಅಂಥ ಪರದೆಯ ಮುಂದೆಯೂ ಅವರೇ ನಿಂತಿದ್ದಾರೆ. ಎಲ್ಲ ಚಿತ್ರಗಳಲ್ಲೂ ಅವರಿದ್ದಾರೆ, ಆದರೆ ಒಂದರಲ್ಲೂ "ಇದು ನಾನು" ಎಂದು ಹೇಳುತ್ತಿಲ್ಲ. ಹೆಣ್ಣನ್ನು ಹೀಗೆಲ್ಲ ನೋಡಿದ ಕಣ್ಣುಗಳ ಎದುರು ತಮ್ಮ ಮೈಯನ್ನೇ ಇಟ್ಟು ಪ್ರಶ್ನೆ ಕೇಳುತ್ತಿದ್ದಾರೆ. ಪ್ರತಿದಿನ ಸೆಲ್ಫಿ ತೆಗೆದುಕೊಳ್ಳುವ ನಾವು ಅವರ ಚಿತ್ರಗಳನ್ನು ಎದುರಿಗಿಟ್ಟುಕೊಂಡು ಒಂದು ಗಂಟೆ ಕೂರಬೇಕು. ಮುಖ ಚಿತ್ರದಲ್ಲಿದ್ದ ಮಾತ್ರಕ್ಕೆ ಮನಸ್ಸು ಅಲ್ಲಿದೆ ಎಂದಾಗುವುದಿಲ್ಲ.

ಜೋ ಸ್ಪೆನ್ಸ್ ಎಂಬ ಇಂಗ್ಲಿಷ್ ಮಹಿಳೆಯ ಕೆಲಸ ಇನ್ನೂ ನೇರ. 1934ರಲ್ಲಿ ಹುಟ್ಟಿದವರು, ವರ್ಷಗಟ್ಟಲೆ ಸ್ಟುಡಿಯೋ ನಡೆಸಿ ಮದುವೆ ಮತ್ತು ಮನೆಮಂದಿಯ ಚಿತ್ರಗಳನ್ನು ತೆಗೆದವರು. ಅಂದರೆ ಬೇರೆಯವರನ್ನು ಚೆಂದ ಕಾಣಿಸುವುದೇ ಅವರ ಕಸುಬಾಗಿತ್ತು. 1982ರಲ್ಲಿ ಅವರಿಗೆ ಸ್ತನ ಕ್ಯಾನ್ಸರ್ ಇದೆಯೆಂದು ಗೊತ್ತಾಯಿತು. ಶಸ್ತ್ರಚಿಕಿತ್ಸೆಗೆ ಮೊದಲು ತೆಗೆದ ಚಿತ್ರವೊಂದರಲ್ಲಿ ಅವರ ಎದೆಯ ಮೇಲೆ ಬರಹವಿದೆ, "ಜೋ ಸ್ಪೆನ್ಸ್ ಅವರ ಸ್ವತ್ತು?" ಎಂದು. ಕೊನೆಯ ಪ್ರಶ್ನಾರ್ಥಕ ಚಿಹ್ನೆಯನ್ನು ಗಮನಿಸಿ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದವರ ಮೈ ಯಾರದ್ದು, ಅದರ ಬಗ್ಗೆ ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆ ಅದು. ವೈದ್ಯರು ರೋಗಿಗಳನ್ನು ನೋಡಲು ಬರುವಾಗ ಅವರು ಹಾಸಿಗೆಯ ಮೇಲಿಂದಲೇ ಆ ಗುಂಪಿನ ಚಿತ್ರ ತೆಗೆದರು. ನೋಡಿಸಿಕೊಳ್ಳುವ ಜಾಗದಲ್ಲಿದ್ದವರು ನೋಡುವ ಜಾಗಕ್ಕೆ ಬಂದರು. ಕ್ಯಾಮೆರಾ ಅವರ ಕಾಯಿಲೆಯನ್ನು ವಾಸಿ ಮಾಡಲಿಲ್ಲ. ಆದರೆ ತನ್ನ ಮೈಯ ಬಗ್ಗೆ ಮಾತಾಡುವ ಹಕ್ಕನ್ನು ಅದು ಅವರಿಗೆ ಮರಳಿ ಕೊಟ್ಟಿತು, ಅದು ಸಣ್ಣ ವಿಷಯವಲ್ಲ.

ಇಲ್ಲಿಯವರೆಗೆ ಹೇಳಿದ್ದೆಲ್ಲ ತಮ್ಮನ್ನೇ ಚಿತ್ರದಲ್ಲಿ ಇಟ್ಟುಕೊಂಡವರ ಕಥೆ. ನಿಮ್ಮಲ್ಲಿ ಹೆಚ್ಚಿನವರಿಗೆ ಅದು ಬೇಕಿಲ್ಲ ಎಂದು ಗೊತ್ತು. ನಿಮಗೆ ಮರ ಬೇಕು, ಮಳೆ ಬೇಕು, ಹಕ್ಕಿ ಬೇಕು. ಅಲ್ಲಿ ನಮ್ಮ ಮನಸ್ಸು ಹೇಗೆ ಬರುತ್ತದೆ?

ಆಲ್‌ಫ್ರೆಡ್ ಸ್ಟೀಗ್ಲಿಟ್ಸ್ 1922ರಲ್ಲಿ ನ್ಯೂಯಾರ್ಕ್ ರಾಜ್ಯದ ಲೇಕ್ ಜಾರ್ಜ್ ಎಂಬಲ್ಲಿ ಮೋಡಗಳ ಚಿತ್ರ ತೆಗೆಯತೊಡಗಿದಾಗ ಅವರಿಗೆ ಐವತ್ತೆಂಟು ವರ್ಷ. ಆಗಲೇ ಅಮೆರಿಕದ ಅತಿ ದೊಡ್ಡ ಛಾಯಾಗ್ರಾಹಕರಲ್ಲಿ ಒಬ್ಬರು. ಅವರು ತೆಗೆದ ವ್ಯಕ್ತಿಚಿತ್ರಗಳ ಶಕ್ತಿಗೆ ಎದುರು ಕುಳಿತವರ ಮೇಲೆ ಅವರು ಬೀರುತ್ತಿದ್ದ ಒಂದು ಬಗೆಯ ವಶೀಕರಣವೇ ಕಾರಣ ಎಂದು ಒಬ್ಬ ಬರಹಗಾರ ಬರೆದಿದ್ದ. ಅದು ಅವರನ್ನು ಕೆಣಕಿತು. ಮೋಡವನ್ನು ವಶೀಕರಿಸಲು ಬರುವುದಿಲ್ಲ. ಅದು ಎಲ್ಲರ ತಲೆಯ ಮೇಲೂ ಇದೆ, ಅದಕ್ಕೆ ಯಾರೂ ತೆರಿಗೆ ಹಾಕಿಲ್ಲ ಎಂದು ಅವರೇ ಬರೆದರು. ನಲವತ್ತು ವರ್ಷಗಳಲ್ಲಿ ತಾನು ಛಾಯಾಗ್ರಹಣದ ಬಗ್ಗೆ ಏನು ಕಲಿತಿದ್ದೇನೆ ಎಂಬುದನ್ನು ಮೋಡಗಳಲ್ಲಿ ಪರೀಕ್ಷಿಸಿಕೊಳ್ಳಬೇಕು ಎಂದುಕೊಂಡರು. ಮುಂದಿನ ಸುಮಾರು ಹತ್ತು ವರ್ಷಗಳಲ್ಲಿ ಇನ್ನೂರಕ್ಕೂ ಹೆಚ್ಚು ಮೋಡದ ಚಿತ್ರಗಳಾದವು.

ಆ ಪ್ರಿಂಟ್‌ಗಳ ಅಳತೆ ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ಹೆಚ್ಚಿನವು ನಾಲ್ಕು ಇಂಚಿಗೆ ಐದು ಇಂಚು, ನೆಗೆಟಿವ್ ಎಷ್ಟಿದೆಯೋ ಅಷ್ಟೇ. ಹಲವು ಚಿತ್ರಗಳಲ್ಲಿ ದಿಗಂತವಿಲ್ಲ, ಮರದ ತುದಿಯಿಲ್ಲ, ಮೇಲೆ ಕೆಳಗೆ ಯಾವುದೆಂದು ಹೇಳುವ ಗುರುತೇ ಇಲ್ಲ. ಆ ಕಾಲಕ್ಕೆ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ, ಕೆಂಪಿಗೂ ಸ್ಪಂದಿಸುವ ಹೊಸ ಬಗೆಯ ಫಲಕ ಬಂದಿತ್ತು. ಅದಕ್ಕೂ ಹಿಂದಿನ ಫಲಕಗಳಲ್ಲಿ ನೀಲಿ ಆಕಾಶವೂ ಬಿಳಿ ಮೋಡವೂ ಒಂದೇ ಬಿಳುಪಾಗಿ ಬೆರೆತುಹೋಗುತ್ತಿದ್ದವು. ಈಗ ಆಕಾಶ ಕಪ್ಪಾಗಿಯೂ ನಿಲ್ಲಬಲ್ಲದು. ಸ್ಟೀಗ್ಲಿಟ್ಸ್ ಅದನ್ನು ಪೂರ್ತಿ ಬಳಸಿಕೊಂಡರು, ಕೆಲವು ಚಿತ್ರಗಳಲ್ಲಿ ಹಗಲಿನ ಸೂರ್ಯ ಕಗ್ಗತ್ತಲ ನಡುವೆ ಮಂಕಾಗಿ ಕಾಣುತ್ತಾನೆ. ಇವು ಹವಾಮಾನದ ಚಿತ್ರಗಳಲ್ಲ, ನನ್ನೊಳಗಿನ ಅನುಭವಕ್ಕೆ ಸಮನಾದ ರೂಪಗಳು ಎಂದು ಅವರು ಹೇಳುತ್ತಿದ್ದರು. ಸರಣಿಗೆ ಇಟ್ಟ "ಈಕ್ವಿವಲೆಂಟ್ಸ್" ಎಂಬ ಹೆಸರಿನ ಅರ್ಥವೂ ಅದೇ.

ನಮ್ಮ ಮಲೆನಾಡಿನಲ್ಲಿ ಮೋಡಕ್ಕೆ ಬರವಿಲ್ಲ. ಆದರೂ ನಾವು ತೆಗೆಯುವ ಮೋಡಗಳಲ್ಲಿ ಕೆಳಗೆ ಒಂದು ಗುಡ್ಡದ ಸಾಲು, ಪಕ್ಕದಲ್ಲಿ ಒಂದು ಒಂಟಿ ಮರ ಇದ್ದೇ ಇರುತ್ತದೆ. ಅವನ್ನು ತೆಗೆದುಹಾಕಿ ನೋಡಿ. ಜಾಗದ ಹೆಸರು ಹೇಳುವ ಗುರುತು ಹೋದ ಮೇಲೆ ಚಿತ್ರದಲ್ಲಿ ಏನಾದರೂ ಉಳಿಯುತ್ತದೆಯೇ ಎಂದು ಕೇಳಿಕೊಳ್ಳಿ. ಉಳಿದರೆ ಅದು ನೀವು ಇಟ್ಟದ್ದು.

ಜಪಾನಿನ ಮಸಾಹಿಸ ಫುಕಾಸೆ ಅವರ ಕಾಗೆಗಳನ್ನು ಈ ಜಾಗದಲ್ಲಿ ನೆನೆಯಲೇಬೇಕು. ಫುಕಾಸೆ 1934ರಲ್ಲಿ ಹೊಕ್ಕೈದೊ ದ್ವೀಪದಲ್ಲಿ ಹುಟ್ಟಿದರು, ಮನೆತನದ ಕಸುಬೇ ಫೋಟೋ ಸ್ಟುಡಿಯೋ. ಹೆಂಡತಿ ಯೋಕೊ ಅವರ ಚಿತ್ರಗಳಿಂದ ಹೆಸರು ಮಾಡಿದವರು. 1974ರಲ್ಲಿ ಆಕೆ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಮೇಲಿನ ಕಿಟಕಿಯಿಂದ ಚಿತ್ರ ತೆಗೆಯುತ್ತಿದ್ದರು. ಒಂದು ದಿನ ಆಕೆ ನಗುತ್ತಾಳೆ, ಇನ್ನೊಂದು ದಿನ ನಾಲಿಗೆ ಚಾಚುತ್ತಾಳೆ, ಮತ್ತೊಂದು ದಿನ ಕೊಡೆ. 1976ರಲ್ಲಿ ಅವರಿಬ್ಬರೂ ಬೇರೆಯಾದರು. ಆ ದಿನಗಳಲ್ಲಿ ಹುಟ್ಟೂರಿನ ಕಡೆಗೆ ಹೋದ ಫುಕಾಸೆ ದಾರಿಯಲ್ಲಿ ಕಂಡ ಕಾಗೆಗಳ ಹಿಂದೆ ಬಿದ್ದರು. ಸುಮಾರು 1982ರ ತನಕ ಕಾಗೆಗಳೇ. ಹಿಮದ ಮೇಲೆ ಕಾಗೆ, ತಂತಿಯ ಮೇಲೆ ಕಾಗೆ, ರಾತ್ರಿಯ ಮರದ ತುಂಬ ಫ್ಲ್ಯಾಷ್ ಬೆಳಕಿಗೆ ಹೊಳೆಯುವ ಕಾಗೆಯ ಕಣ್ಣುಗಳು. ಕಾಳು ಕಾಳಾಗಿ ಒಡೆದ ಕಪ್ಪು, ತಪ್ಪಿದ ಫೋಕಸ್, ಸ್ಪರ್ಧೆಗೆ ಕಳಿಸಿದರೆ ಮೊದಲ ಸುತ್ತಿನಲ್ಲೇ ಹೊರಬೀಳುವಂಥ ಚಿತ್ರಗಳು. ತಾನೇ ಕಾಗೆಯಾಗಿದ್ದೇನೆ ಎಂದು ಅವರು ಬರೆದುಕೊಂಡರು. ಪಿತೃಪಕ್ಷದಲ್ಲಿ ಎಡೆಯಿಟ್ಟು ಕಾಗೆಗೆ ಕಾಯುವ ನಮಗೆ ಆ ಹಕ್ಕಿಯ ನೆರಳು ಅರ್ಥವಾಗದ ಸಂಗತಿಯೇನಲ್ಲ, ಆದರೆ ಫುಕಾಸೆಯ ಕಾಗೆಯನ್ನು ಅರ್ಥ ಮಾಡಿಕೊಳ್ಳಲು ಸಂಪ್ರದಾಯದ ನೆರವು ಬೇಕಿಲ್ಲ. ಒಂಟಿತನ ಚಿತ್ರದಿಂದ ಎದ್ದು ಬರುತ್ತದೆ.

ಇದೇ ಕಥೆಗೆ ಇನ್ನೊಂದು ಮಗ್ಗುಲಿದೆ, ಅದನ್ನು ಮುಚ್ಚಿಟ್ಟರೆ ನಾನು ನಿಮಗೆ ಮೋಸ ಮಾಡಿದ ಹಾಗೆ. ಯೋಕೊ ಮದುವೆಯ ದಿನಗಳಲ್ಲೇ ಒಂದು ಬರಹ ಬರೆದಿದ್ದರು. ಅವರು ತೆಗೆದ ನನ್ನ ಚಿತ್ರಗಳಲ್ಲಿ ಕಾಣುವುದು ಅವರೇ ಹೊರತು ನಾನಲ್ಲ ಎಂಬ ಅರ್ಥದ ಮಾತು ಅದರಲ್ಲಿದೆ. ನಮ್ಮೊಳಗಿನದನ್ನು ಹೇಳಲು ನಾವು ಇನ್ನೊಬ್ಬರ ಮುಖವನ್ನು ಬಳಸುತ್ತೇವೆ. ಮೋಡಕ್ಕೂ ಕಾಗೆಗೂ ಅದರಿಂದ ನಷ್ಟವಿಲ್ಲ. ಮನುಷ್ಯರಿಗೆ ಇದೆ. ಬೀದಿಯಲ್ಲಿ ಮಲಗಿದ ಮುದುಕನ ಚಿತ್ರ ತೆಗೆದು ನಮ್ಮ ಮನಸ್ಸಿನ ಬೇಸರಕ್ಕೆ ಅವನನ್ನು ಸಂಕೇತ ಮಾಡುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದೆ. ಅವನಿಗೂ ಒಂದು ಹೆಸರಿದೆ, ಒಂದು ಊರಿದೆ, ನಮ್ಮ ಬೇಸರಕ್ಕೂ ಅವನಿಗೂ ಸಂಬಂಧವಿಲ್ಲ. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ, ಯಾಕೆಂದರೆ ಆತ್ಮಾಭಿವ್ಯಕ್ತಿ ಎಂಬ ದೊಡ್ಡ ಹೆಸರಿನ ಹಿಂದೆ ನಿಂತು ಮಾಡುವ ಕಳ್ಳತನ ಇದು.

ಹಾಗಾದರೆ ಇನ್ನೊಬ್ಬರನ್ನು ಅವರಾಗಿಯೇ ಇರಲು ಬಿಟ್ಟು, ಚಿತ್ರ ನಮ್ಮದೂ ಆಗಬಹುದೇ? ಆಗಬಹುದು. ಮೈಸೂರಿನ ಟಿ.ಎಸ್. ಸತ್ಯನ್ ಅವರ ಜೀವಮಾನದ ಕೆಲಸವೇ ಅದು. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಸತ್ಯನ್ ಪತ್ರಿಕಾ ಛಾಯಾಗ್ರಾಹಕರು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನೆಯ ಕೆಲಸವನ್ನು ದಾಖಲಿಸಿದರು, ಯುನಿಸೆಫ್‌ಗಾಗಿ ದುಡಿದರು. 1979 ಅಂತಾರಾಷ್ಟ್ರೀಯ ಮಕ್ಕಳ ವರ್ಷ. ಆ ವರ್ಷ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಅವರ ಮಕ್ಕಳ ಚಿತ್ರಗಳ ಪ್ರದರ್ಶನ ನಡೆಯಿತು. ಇವೆಲ್ಲ ಬೇರೆಯವರು ವಹಿಸಿದ ಕೆಲಸ. ವಿಷಯ ಅವರದಲ್ಲ, ಗಡುವು ಅವರದಲ್ಲ. ಆದರೂ ಚಿತ್ರ ನೋಡಿದ ಕೂಡಲೇ ಇದು ಸತ್ಯನ್ ಎನಿಸುತ್ತದೆ. ಬಡವರ ಚಿತ್ರದಲ್ಲಿ ಬಡತನಕ್ಕಿಂತ ಮೊದಲು ಮನುಷ್ಯರು ಕಾಣುತ್ತಾರೆ. ಕನಿಕರಕ್ಕಾಗಿ ಮೇಲಿನಿಂದ ಕೆಳಗೆ ನೋಡುವ ಧೋರಣೆ ಅಲ್ಲಿಲ್ಲ. ಎಲ್ಲಿ ನಿಲ್ಲಬೇಕು ಎಂಬ ಒಂದೇ ತೀರ್ಮಾನದಲ್ಲಿ ಅವರ ಇಡೀ ಸ್ವಭಾವವಿದೆ.

ನಮ್ಮ ಕಾಲದಲ್ಲಿ ಬೆಂಗಳೂರಿನ ಕಾಪ್ ಶಿವ ಇದ್ದಾರೆ. ಪೊಲೀಸ್ ಇಲಾಖೆಯಲ್ಲಿ ನೌಕರಿ ಮಾಡುತ್ತಲೇ ಕ್ಯಾಮೆರಾ ಹಿಡಿದವರು. ಮೈಗೆ ಬೆಳ್ಳಿಬಣ್ಣ ಬಳಿದುಕೊಂಡು ಗಾಂಧಿಯಾಗಿ ಊರೂರು ತಿರುಗುವ ಶಾಲಾ ಶಿಕ್ಷಕರೊಬ್ಬರ ಜೊತೆ ಓಡಾಡಿ ಅವರ ಚಿತ್ರಗಳನ್ನು ತೆಗೆದರು. ದಿನವೂ ಸಮವಸ್ತ್ರ ತೊಟ್ಟು ಬೀದಿಗೆ ಇಳಿಯುವವರೊಬ್ಬರು ವೇಷ ತೊಟ್ಟು ಬೀದಿಗೆ ಇಳಿಯುವ ಇನ್ನೊಬ್ಬರನ್ನು ಇಷ್ಟು ಆಪ್ತವಾಗಿ ನೋಡಿದ್ದು ಆಕಸ್ಮಿಕವಲ್ಲ ಎಂದು ನನ್ನ ಭಾವನೆ.

ಈಗ ನಮ್ಮ ಶಿಬಿರದ ಚಿತ್ರಗಳಿಗೆ ಬರುತ್ತೇನೆ. ನಿಮ್ಮಲ್ಲೇ ಒಬ್ಬ ವಿದ್ಯಾರ್ಥಿನಿ, ಹೆಸರು ಬೇಡ ಎಂದಿದ್ದಾಳೆ, ಚಿತ್ರದ ಬಗ್ಗೆ ಮಾತಾಡಲು ಒಪ್ಪಿದ್ದಾಳೆ. ಮೊದಲ ದಿನ ಅವಳು ತೋರಿಸಿದ್ದು ಜೋಗ, ಶರಾವತಿ ಹಿನ್ನೀರಿನ ಸೂರ್ಯಾಸ್ತ, ಇಬ್ಬನಿ ಕೂತ ಜೇಡರ ಬಲೆ. ಎಲ್ಲವೂ ಚೆನ್ನಾಗಿದ್ದವು, ಯಾರು ಬೇಕಾದರೂ ತೆಗೆಯಬಹುದಾಗಿದ್ದವು. ಸಂಜೆ ಮಾತಾಡುತ್ತಾ, ತನ್ನ ಅಮ್ಮ ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯಲು ಹೋಗುತ್ತಾರೆ, ರಾತ್ರಿ ಬಹಳ ಹೊತ್ತಾಗಿ ಬರುತ್ತಾರೆ ಎಂದಳು. ಅದರ ಚಿತ್ರ ಇದೆಯೇ ಎಂದು ಕೇಳಿದೆ. ಇತ್ತು. ಮೊಬೈಲ್‌ನ ತಳದಲ್ಲಿ ಎಲ್ಲೋ ಉಳಿದುಕೊಂಡಿತ್ತು, ಶಿಬಿರಕ್ಕೆ ತೋರಿಸುವಂಥದ್ದಲ್ಲ ಎಂದುಕೊಂಡಿದ್ದಳು.

ಆ ಚಿತ್ರಗಳಲ್ಲಿ ಒಂದನ್ನು ವಿವರಿಸುತ್ತೇನೆ. ಎಡಗಡೆಯ ಅರ್ಧ ಪೂರ್ತಿ ಕತ್ತಲು. ಬಲಗಡೆ ಮೇಲಿನಿಂದ ಒಂದೇ ಬಲ್ಬಿನ ಬೆಳಕು. ಮೆಟ್ಟುಗತ್ತಿಯ ಅಲಗಿನ ಅಂಚು ಮಾತ್ರ ಹೊಳೆಯುತ್ತಿದೆ. ಅದರ ಹಿಂದೆ ಎರಡು ಕೈಗಳು. ಹೆಬ್ಬೆರಳಿಗೆ ಬಟ್ಟೆಯ ಚೂರು ಸುತ್ತಿದೆ, ಉಗುರಿನ ಸುತ್ತ ಕಪ್ಪಾಗಿ ಅಡಿಕೆಯ ಕರೆ ಹಿಡಿದಿದೆ, ಅದು ಸೋಪಿಗೆ ಹೋಗುವ ಕರೆಯಲ್ಲ. ಕೈಗಳ ನಡುವೆ ಅರ್ಧ ಸುಲಿದ ಅಡಿಕೆ. ಮುಖವಿಲ್ಲ, ಭುಜದ ಮೇಲಿನದೆಲ್ಲ ಚೌಕಟ್ಟಿನ ಹೊರಗಿದೆ. ನೆಲದ ಮೇಲೆ ಸಿಪ್ಪೆಯ ರಾಶಿ ಮಸುಕಾಗಿ ಕಾಣುತ್ತದೆ.

ಮುಖ ಯಾಕಿಲ್ಲ ಎಂದು ಕೇಳಿದಾಗ ಅವಳು, "ಅಮ್ಮನಿಗೆ ಇಷ್ಟವಿಲ್ಲ, ಕೆಲಸದ ಸೀರೆಯಲ್ಲಿ ಮುಖ ಬರುವುದು ಬೇಡ, ಕೈ ಬೇಕಾದರೆ ತೆಗೆದುಕೋ ಎಂದರು" ಎಂದಳು. ನೋಡಿ, ಈ ಚಿತ್ರದ ಚೌಕಟ್ಟನ್ನು ಇಬ್ಬರು ಸೇರಿ ನಿರ್ಧರಿಸಿದ್ದಾರೆ. ತಾಯಿಯ ಮಾತನ್ನು ಮಗಳು ಪಾಲಿಸಿದ್ದಾಳೆ, ಆ ಪಾಲನೆಯೇ ಚಿತ್ರದ ರೂಪವಾಗಿದೆ.

ಕತ್ತಲ ವಿಷಯ ಇನ್ನೂ ಮುಖ್ಯವಾದದ್ದು. ಮೊಬೈಲ್‌ಗೆ ಕತ್ತಲೆಂದರೆ ಆಗದು. ಅಂಥ ಕೋಣೆಯಲ್ಲಿ ಅದು ಒಂದರ ಮೇಲೊಂದು ಹಲವು ಚಿತ್ರಗಳನ್ನು ತೆಗೆದು ಸೇರಿಸಿ, ಮೂಲೆ ಮೂಲೆಯನ್ನೂ ಬೆಳಗಿಸಿ, ರಾತ್ರಿಯನ್ನು ಹಗಲಿನಂತೆ ಮಾಡಿಕೊಡುತ್ತದೆ. ಅವಳ ಮೊದಲ ಚಿತ್ರ ಹಾಗೆಯೇ ಬಂದಿತ್ತು, ಸುಲಿಯುವ ಜಾಗ ಮದುವೆ ಮಂಟಪದಂತೆ ಬೆಳಗುತ್ತಿತ್ತು. ಅವಳು ಫೋನಿನ ಆ ರಾತ್ರಿಯ ವಿಧಾನವನ್ನು (ನೈಟ್ ಮೋಡ್) ನಿಲ್ಲಿಸಿ, ಪರದೆಯ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಮೂಡುವ ಪುಟ್ಟ ಸೂರ್ಯನ ಗುರುತನ್ನು ಕೆಳಕ್ಕೆ ಎಳೆದಳು. ಕಣ್ಣಿಗೆ ಎಷ್ಟು ಕತ್ತಲಿತ್ತೋ ಅಷ್ಟು ಕತ್ತಲು ಬರುವವರೆಗೆ ಎಳೆದಳು. ಯಾಕೆ ಎಂದರೆ, "ಅಮ್ಮ ಕೆಲಸ ಮಾಡುವುದು ಅಷ್ಟೇ ಬೆಳಕಿನಲ್ಲಿ" ಎಂದಳು. ನಿನ್ನೆಯ ಪ್ರಶ್ನೆಗೆ ಉತ್ತರ ಆ ಬೆರಳಿನಲ್ಲಿದೆ. ಯಂತ್ರ ತನಗೆ ಸರಿ ಕಂಡದ್ದನ್ನು ಮಾಡಿತ್ತು, ಅವಳು ಅದನ್ನು ಒಪ್ಪಲಿಲ್ಲ.

ಇಂದಿನ ಮೊಬೈಲ್‌ಗಳಿಗೆ ತಮ್ಮದೇ ಅಭಿರುಚಿ ಇದೆ ಎಂಬುದನ್ನು ನಾವು ಸಾಕಷ್ಟು ಗಮನಿಸಿಲ್ಲ. ಚರ್ಮ ನಯವಾಗಿರಬೇಕು, ಹಸಿರು ಇನ್ನಷ್ಟು ಹಸಿರಾಗಿರಬೇಕು, ನೆರಳು ಇರಬಾರದು. ಕಪ್ಪು ಬಣ್ಣದ ನಮ್ಮ ಜನರ ಮೈಯನ್ನು ಕೇಳದೆಯೇ ಒಂದೆರಡು ಛಾಯೆ ಬೆಳ್ಳಗೆ ಮಾಡುವ ಸೌಂದರ್ಯದ ಆಯ್ಕೆಗಳು ಎಷ್ಟೋ ಫೋನುಗಳಲ್ಲಿವೆ. ಇದು ಯಾರೋ ಎಲ್ಲೋ ಕುಳಿತು ಮಾಡಿದ ತೀರ್ಮಾನ. ಅದನ್ನು ಹಾಗೆಯೇ ಒಪ್ಪಿಕೊಂಡರೆ ನಮ್ಮ ಅಜ್ಜಿಯ ಚಿತ್ರದಲ್ಲಿ ಅವರ ಅಭಿವ್ಯಕ್ತಿ ಇರುತ್ತದೆ, ನಮ್ಮದಲ್ಲ. ಫೋನು ಕೊಂಡ ದಿನವೇ ಆ ಆಯ್ಕೆಗಳನ್ನು ಹುಡುಕಿ ಮುಚ್ಚಿ.

ಸ್ಪರ್ಧೆಗಳ ಬಗ್ಗೆಯೂ ಒಂದು ಮಾತು. ಕರ್ನಾಟಕದಲ್ಲಿ ಹವ್ಯಾಸಿ ಛಾಯಾಗ್ರಹಣದ ಪರಂಪರೆ ದೊಡ್ಡದು. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಿಂದ ಕೆಲಸ ಮಾಡುತ್ತಿದೆ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಅಂಥವರು ಬೆಳೆದದ್ದು ಇಂಥ ಹವ್ಯಾಸಿ ಬಳಗಗಳ ನಡುವೆ. ಕಲಿಯುವವರಿಗೆ ಕ್ಲಬ್ಬು ಬೇಕು, ತಿದ್ದುವವರು ಬೇಕು, ಆ ಪರಂಪರೆಯ ಮೇಲೆ ನನಗೆ ಅಪಾರ ಗೌರವವಿದೆ. ಆದರೆ ಬಹುಮಾನ ಪಡೆದ ಚಿತ್ರದ ಅಚ್ಚು ಹಿಡಿದು ಅದರಂತೆಯೇ ಇನ್ನೊಂದು ತೆಗೆಯುವುದು ಬೇರೆ. ಕಂಬಳದ ಕೋಣ ಎಬ್ಬಿಸಿದ ನೀರು, ಹೊಗೆ ಹಾಕಿಸಿ ಬರಿಸಿದ ಬೆಳಕಿನ ಕೋಲು, ಅದರಲ್ಲಿ ದುಡ್ಡು ಕೊಟ್ಟು ನಡೆಸಿದ ಎತ್ತು ಮತ್ತು ಮುದುಕ. ಒಂದೇ ಜಾಗದಲ್ಲಿ ಸಾಲಾಗಿ ಟ್ರೈಪಾಡ್ ನೆಟ್ಟು ಇಪ್ಪತ್ತು ಜನ ತೆಗೆದ ಚಿತ್ರದಲ್ಲಿ ಯಾರೊಬ್ಬರದೂ ಮನಸ್ಸಿಲ್ಲ. ಕಂಬಳಕ್ಕೆ ಹೋಗಬೇಡಿ ಎನ್ನುತ್ತಿಲ್ಲ. ಹೋಗಿ, ಓಟ ಮುಗಿದ ಮೇಲೂ ಅಲ್ಲೇ ಇರಿ. ಕೋಣಗಳಿಗೆ ಮೈ ತೊಳೆಸುವವರ ಜೊತೆ ಕೂತು ಮಾತಾಡಿ. ನಿಮ್ಮ ಚಿತ್ರ ಅಲ್ಲೇ ಎಲ್ಲೋ ಇರುತ್ತದೆ.

ಕೊನೆಗೆ ಆಯ್ಕೆಯ ವಿಷಯ. ಅಮೆರಿಕದ ವಿವಿಯನ್ ಮೇಯರ್ ಅವರ ಹೆಸರನ್ನು ಹಲವರು ಕೇಳಿದ್ದೀರಿ. 1926ರಲ್ಲಿ ಹುಟ್ಟಿದ ಅವರು ಬೇರೆಯವರ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿ ದಶಕಗಳನ್ನು ಕಳೆದರು, ಹೆಚ್ಚಿನ ಕಾಲ ಷಿಕಾಗೋದಲ್ಲಿ. ಕೊರಳಿಗೆ ರೋಲಿಫ್ಲೆಕ್ಸ್ ಕ್ಯಾಮೆರಾ ತೂಗುಹಾಕಿಕೊಂಡು ಬೀದಿ ಬೀದಿ ತಿರುಗಿ ಚಿತ್ರ ತೆಗೆದರು. ಅಂಗಡಿಯ ಗಾಜಿನಲ್ಲಿ, ಕನ್ನಡಿಯಲ್ಲಿ, ನೆಲದ ಮೇಲೆ ಬಿದ್ದ ತಮ್ಮದೇ ಉದ್ದನೆಯ ನೆರಳಿನಲ್ಲಿ ತಮ್ಮನ್ನೇ ತೆಗೆದುಕೊಂಡರು. ಯಾರಿಗೂ ತೋರಿಸಲಿಲ್ಲ ಎನ್ನಬೇಕು. 2007ರಲ್ಲಿ, ಬಾಡಿಗೆ ಬಾಕಿಯಾದ ಗೋದಾಮಿನಲ್ಲಿದ್ದ ಅವರ ಸಾಮಾನು ಹರಾಜಾದಾಗ ನೆಗೆಟಿವ್‌ಗಳು ಬೇರೆಯವರ ಕೈಗೆ ಬಂದವು. ಲಕ್ಷ ದಾಟಿದ ಚಿತ್ರಗಳು, ಡೆವಲಪ್ ಆಗದೆ ಉಳಿದ ರೋಲ್‌ಗಳೂ ಬಹಳ. 2009ರಲ್ಲಿ ಅವರು ತೀರಿಕೊಂಡಾಗ ಜಗತ್ತಿಗೆ ಅವರ ಹೆಸರು ಗೊತ್ತಿರಲಿಲ್ಲ.

ಹೇಳಿಕೊಳ್ಳುವುದಕ್ಕೆ ಕೇಳುವವರು ಇರಲೇಬೇಕಿಲ್ಲ ಎಂಬುದಕ್ಕೆ ಅವರನ್ನು ಉದಾಹರಣೆ ಕೊಡುತ್ತಾರೆ, ಅದು ಸರಿ. ನನ್ನ ಮನಸ್ಸಿಗೆ ಬರುವ ವಿಷಯ ಬೇರೆ. ನಾವು ಇಂದು ನೋಡುವ ವಿವಿಯನ್ ಮೇಯರ್, ಬೇರೆಯವರು ಆರಿಸಿದ ವಿವಿಯನ್ ಮೇಯರ್. ಯಾವ ಚಿತ್ರ ದೊಡ್ಡದಾಗಬೇಕು, ಯಾವುದು ಪೆಟ್ಟಿಗೆಯಲ್ಲೇ ಉಳಿಯಬೇಕು, ಯಾವುದರ ಪಕ್ಕ ಯಾವುದು ಎಂಬ ತೀರ್ಮಾನ ಅವರದಲ್ಲ. ಅವರೇ ಆರಿಸಿದ್ದರೆ ನಮಗೆ ಬೇರೆಯದೇ ವ್ಯಕ್ತಿ ಕಾಣುತ್ತಿದ್ದರೋ ಏನೋ. ನಿಮ್ಮ ಮೊಬೈಲ್‌ಗಳಲ್ಲಿ ಇರುವ ಸಾವಿರಾರು ಚಿತ್ರಗಳ ಗತಿಯೂ ಇದೇ. ಆರಿಸದಿದ್ದರೆ ಅವು ನಿಮ್ಮ ಮಾತಲ್ಲ, ನೀವು ಓಡಾಡಿದ್ದರ ಲೆಕ್ಕ ಮಾತ್ರ. ಫೋನು ತಾನಾಗಿ ಆರಿಸಿ ಸಂಗೀತ ಹಾಕಿ ತೋರಿಸುವ "ನೆನಪುಗಳು" ಕೂಡ ಬೇರೆಯವರ ಆಯ್ಕೆಯೇ.

ಅದಕ್ಕಾಗಿ ನಾಳೆಯ ಕೆಲಸ ಹೀಗಿದೆ. ಪ್ರತಿಯೊಬ್ಬರೂ ಹತ್ತು ಚಿತ್ರಗಳನ್ನು ಆರಿಸಿ ತನ್ನಿ. ಪೇಟೆಯ ಸ್ಟುಡಿಯೋದಲ್ಲಿ ನಾಲ್ಕು ಇಂಚಿಗೆ ಆರು ಇಂಚಿನ ಪ್ರಿಂಟ್ ಹಾಕಿಸಿದರೆ ಸಾಕು, ಅದಕ್ಕಿಂತ ದೊಡ್ಡದು ಬೇಡ. ಶೀರ್ಷಿಕೆ ಬರೆಯಬೇಡಿ, ಜಾಗದ ಹೆಸರೂ ಬೇಡ. ಅತಿ ಹೆಚ್ಚು ಮೆಚ್ಚುಗೆ ಸಿಕ್ಕಿದ ಚಿತ್ರವನ್ನು ಮನೆಯಲ್ಲೇ ಬಿಟ್ಟು ಬನ್ನಿ. ಯಾರಿಗೂ ತೋರಿಸದೆ, ಅಳಿಸಲೂ ಮನಸ್ಸಾಗದೆ ಉಳಿಸಿಕೊಂಡದ್ದು ಒಂದಾದರೂ ಇರಲಿ. ಚಿತ್ರದಲ್ಲಿ ಬೇರೆಯವರ ಮುಖವಿದ್ದರೆ ಇವತ್ತು ರಾತ್ರಿಯೇ ಅವರನ್ನು ಕೇಳಿ, ಬೇಡ ಎಂದರೆ ಆ ಚಿತ್ರ ಬೇಡ. ಬೆಳಿಗ್ಗೆ ಹತ್ತು ಗಂಟೆಗೆ ಈ ಮೇಜುಗಳನ್ನೆಲ್ಲ ಜೋಡಿಸಿ ಪ್ರಿಂಟ್‌ಗಳನ್ನು ಹರಡೋಣ. ಹತ್ತನ್ನು ಐದಕ್ಕೆ ಇಳಿಸುವ ಕೆಲಸವನ್ನು ಪಕ್ಕದವರೊಂದಿಗೆ ಕೂತು ಮಾಡಿ. ಕೈಬಿಟ್ಟ ಐದನ್ನೂ ಎಸೆಯದೆ ಲಕೋಟೆಯಲ್ಲಿ ಹಾಕಿ, ಯಾಕೆ ಬಿಟ್ಟಿರಿ ಎಂದು ಅದರ ಮೇಲೆ ಒಂದೊಂದು ಸಾಲು ಬರೆಯಿರಿ. ಮಧ್ಯಾಹ್ನ ಗೋಡೆಗೆ ಹಾಕುವಾಗ ಆ ಲಕೋಟೆಗಳನ್ನೂ ಓದೋಣ.